ಹೊಸ್ತಿಲು ದಾಟದ ಕುರ್ಚಿ

"ಆ ಕುರ್ಚಿ ಯಾರೂ ಮುಟ್ಟಬೇಡಿ, ಅದು ಸಾಫ್ತಾಗೆ" ಎಂದು ತುದೋರಜ್ಜಿ ಮತ್ತೆ ಗದರಿದಾಗ ಸೊಸೆ ಕೊರ್ನೇಲಿಯಾಗೆ ರೇಗಿಹೋಯಿತು.

"ಅವರು ಬರಲ್ಲ ಅತ್ತೆ. ನಿಮ್ಮನ್ನ ಕಂಡ್ರೆ ರಸ್ತೆಯ ಆ ಬದಿಗೆ ಹೋಗೋರು, ನಿಮ್ಮ ತಿಥಿಯೂಟಕ್ಕೆ ಬರ್ತಾರಾ?"

"ಬರದಿದ್ರೆ ಅಲ್ಲಿ ನಾನು ನಿಂತ್ಕೊಂಡೇ ಇರ್ಬೇಕಾಗುತ್ತೆ. ಬರ್ತಾಳೆ."

ಜಿಯು ನದಿ ದಂಡೆಯ ನಮ್ಮೂರಿನಲ್ಲಿ ವಯಸ್ಸಾದವರು ಬದುಕಿರುವಾಗಲೇ ತಮ್ಮ ತಿಥಿಯೂಟ ಹಾಕಿಸಿಬಿಡುತ್ತಾರೆ. ಸತ್ತ ಮೇಲೆ ಮಕ್ಕಳು ಮಾಡುತ್ತಾರೋ ಬಿಡುತ್ತಾರೋ. ಮಾಡಿದರೂ ಸಾರಿಗೆ ಉಪ್ಪು ಸರಿಯಾಗಿ ಹಾಕುತ್ತಾರೆಂಬ ಭರವಸೆ ಯಾರಿಗಿದೆ? ಅಂದು ದಾನ ಕೊಟ್ಟ ತಟ್ಟೆ, ಲೋಟ, ಕಂಬಳಿ, ಕುರ್ಚಿಗಳೇ ಆಚೆ ಲೋಕದಲ್ಲಿ ಕೈಗೆ ಸಿಗುವುದು. ಆದರೆ ತೆಗೆದುಕೊಂಡವರು ಅದನ್ನು ತಮ್ಮ ಮನೆಯ ಹೊಸ್ತಿಲು ದಾಟಿಸಬೇಕು. ಅಲ್ಲಿಯವರೆಗೆ ಅದು ಕೊಟ್ಟಂತಲ್ಲ, ಕೊಟ್ಟವರು ನೆಮ್ಮದಿಯಾಗಿ ಕಣ್ಣು ಮುಚ್ಚುವಂತೆಯೂ ಇಲ್ಲ.

ಪ್ಲಮ್ ಮರದ ಕೆಳಗೆ ಉದ್ದನೆಯ ಮೇಜು ಹಾಕಿತ್ತು. ಶವಪೆಟ್ಟಿಗೆಗೆಂದೇ ಹೊಲಿಸಿಟ್ಟ ಕಪ್ಪು ಲಂಗ ಉಟ್ಟು ಅಜ್ಜಿ ತುದಿಯಲ್ಲಿ ಮದುವಣಗಿತ್ತಿಯ ಹಾಗೆ ಕೂತಿದ್ದಳು. ಪಾದ್ರಿಗಳು ಪ್ರಾರ್ಥನೆ ಹೇಳಿ, ಎಲೆಕೋಸಿನ ಸುರುಳಿ ತಿಂದು ಹೊರಟಮೇಲೆ ಮಾತಿಗೆ ಕಳೆ ಬಂತು. ಗಂಡ ಗಣಿಯಲ್ಲಿ ತೀರಿಹೋದಮೇಲೆ ಅಜ್ಜಿ ನಾಲ್ಕು ಮಕ್ಕಳನ್ನು ಒಬ್ಬಳೇ ಸಾಕಿದ್ದು, ಅದರಲ್ಲೊಂದನ್ನು ಮಣ್ಣಿಗಿಟ್ಟ ಮರುದಿನವೇ ಸಹಕಾರಿ ಸಂಘದ ಬ್ರೆಡ್ ಭಟ್ಟಿಗೆ ಹಾಜರಾಗಿದ್ದು, ದೇವರ ಹೆಸರೆತ್ತಲು ಜನ ಸರ್ಕಾರಕ್ಕೆ ಹೆದರುತ್ತಿದ್ದ ಕಾಲದಲ್ಲೂ ಊರಿನ ಸಾವುಗಳಿಗೆಲ್ಲ ಹಿಟ್ಟಿನ ಚೀಲದಡಿ ಪೂಜೆಯ ಬ್ರೆಡ್ಡು ಬಚ್ಚಿಟ್ಟು ಕೊಟ್ಟಿದ್ದು, ಒಬ್ಬೊಬ್ಬರೂ ಒಂದೊಂದನ್ನು ಎತ್ತಿದರು. ಪ್ಲಮ್ ಸಾರಾಯಿ ತಲೆಗೇರಿದ್ದ ನೀಕು ಎದ್ದುನಿಂತು, "ಆ ತಾಯಿಯ ಆತ್ಮಕ್ಕೆ ಶಾಂತಿ ಸಿಗಲಿ" ಎಂದು ಕಣ್ಣೊರೆಸಿಕೊಂಡ.

"ಏಯ್, ಇನ್ನೂ ಇಲ್ಲೇ ಕೂತಿದಾರಲ್ಲೋ!" ಎಂದು ಹೆಂಡತಿ ಅವನ ಅಂಗಿ ಜಗ್ಗಿದಳು.

"ಇರ್ಲಿ ಬಿಡೇ, ಮುಂಗಡವಾಗಿ ಜಮಾ ಆಗ್ಲಿ" ಎಂದಳು ಅಜ್ಜಿ. ಎಲ್ಲರೂ ನಕ್ಕರು. ಅವಳ ಕಣ್ಣು ಮಾತ್ರ ಗೇಟಿನ ಮೇಲಿತ್ತು.

ಸಾಫ್ತ ಮತ್ತು ತುದೋರ ಅರ್ಧ ಆಯಸ್ಸು ಅದೇ ಭಟ್ಟಿಯಲ್ಲಿ ಕಳೆದವರು. ತುದೋರ ಹಿಟ್ಟಿಗೆ, ಸಾಫ್ತ ಬೆಂಕಿಗೆ. ಸಾಫ್ತಾಳ ಗಂಡ ಮಾರಿನ್ ತೀರಿಕೊಂಡಾಗ, ಅವನ ತಿಥಿಯ ಬ್ರೆಡ್ಡನ್ನು ತಾನೇ ಸುಡುತ್ತೇನೆಂದು ಅವಳು ಹಟ ಹಿಡಿದಳು. ಅಳುತ್ತ ಸುಟ್ಟ ಬ್ರೆಡ್ಡು. ಗೋರಿಯ ಮುಂದೆ ಅದನ್ನು ಮುರಿದ ತುದೋರ, ಇಡೀ ಊರಿಗೆ ಕೇಳುವಂತೆ "ಒಳಗೆ ಹಸಿ" ಎಂದುಬಿಟ್ಟಳು. ನಿಜವೇ; ಆದರೆ ನಿಜವೆಂದು ಹೇಳಿಬಿಡುವುದೇ? ಅಂದಿನಿಂದ ಸಾಫ್ತ ಅವಳ ಕೈಯಿಂದ ಒಂದು ಚೂರೂ ತಿಂದಿರಲಿಲ್ಲ.

ಹೊತ್ತು ಇಳಿಯುವಾಗ ಗೇಟು ಕಿರುಗುಟ್ಟಿತು. ದಿನದ ಏಪ್ರನ್ನಿನಲ್ಲೇ, ಕೋಲೂರಿಕೊಂಡು ಸಾಫ್ತ ಬಂದಳು.

ತುದೋರಜ್ಜಿ ಎದ್ದು, ದಾನದ ಗುರುತಾಗಿ ಬೆನ್ನಿಗೆ ಹೊಸ ಟವೆಲ್ ಕಟ್ಟಿದ್ದ ಕುರ್ಚಿಯನ್ನು ಮುಂದಕ್ಕೆ ತಳ್ಳಿದಳು. "ತಗೋ ಸಾಫ್ತ. ಇಲ್ಲಿ ನಿಂದು, ಅಲ್ಲಿ ನಂದು."

ಸಾಫ್ತ ಕೂರಲಿಲ್ಲ. ಮೇಜಿನ ಮೇಲಿನ ಬ್ರೆಡ್ಡಿನ ಕಡೆ ಕೈ ಚಾಚಿದಳು. ಬೆಳಿಗ್ಗೆ ಯಾರನ್ನೂ ಹತ್ತಿರ ಸೇರಿಸದೆ ಅಜ್ಜಿಯೇ ಸುಟ್ಟದ್ದು ಅದು. ಒಂದು ತುಂಡು ಮುರಿದು, ಅದರಲ್ಲಿ ಅರ್ಧ ಬಾಯಿಗೆ ಹಾಕಿ ನಿಧಾನವಾಗಿ ಅಗಿದಳು.

"ಒಳಗೆ ಹಸಿ" ಎಂದಳು.

ಅಜ್ಜಿ ಸಾಫ್ತಾಳ ಕೈಯಲ್ಲಿ ಉಳಿದಿದ್ದ ತುಂಡನ್ನೇ ತೆಗೆದುಕೊಂಡು ತಿಂದಳು.

"ಹೌದು. ಹಸಿ. ಕೈ ನಡುಗುತ್ತೆ ಕಣೇ, ಬೆಂಕಿ ನೋಡ್ಕೊಳ್ಳೋಕೆ ಆಗಲ್ಲ."

"ಬೆಂಕಿ ನನ್ನ ಕೆಲಸ ತಾನೇ? ಕರೀಬೇಕಿತ್ತು."

"ಅವತ್ತು ಅಷ್ಟು ಜನರ ಮುಂದೆ ನಾನು ಹಾಗನ್ನಬಾರದಿತ್ತು."

"ಅನ್ನಬಾರದಿತ್ತು" ಎಂದು ಸಾಫ್ತ ಕುರ್ಚಿಯಲ್ಲಿ ಕುಸಿದು ಕೂತಳು. ದಾನ ಪಡೆದವರು ಹೇಳುವ ಹಾಗೆ "ದೇವರು ಮುಟ್ಟಿಸಲಿ" ಎಂದು, ಇನ್ನೊಂದು ತುಂಡು ಮುರಿದು, ಹಸಿ ಭಾಗವನ್ನೂ ಬಿಡದೆ ಮುಗಿಸಿದಳು. ಅಜ್ಜಿಗೆ ಅಳು ಒತ್ತರಿಸಿ ಬಂತು. ಅತ್ತಳು; ತನ್ನದೇ ತಿಥಿಯಲ್ಲಿ ಅಳಬಾರದೆಂಬ ನಿಯಮವೇನೂ ನಮ್ಮಲ್ಲಿಲ್ಲ.

ಹೊರಡುವಾಗ ಕೊರ್ನೇಲಿಯಾ ಕುರ್ಚಿ ಹೊತ್ತುಕೊಳ್ಳಲು ಬಂದಳು. "ನಾನು ಮನೇವರೆಗೂ ತಂದುಕೊಡ್ತೀನಿ ಸಾಫ್ತಮ್ಮ."

"ಯಾರೂ ತರೋದು ಬೇಡ. ನಾಳೆ ನಾನೇ ಬಂದು ತಗೊಂಡು ಹೋಗ್ತೀನಿ" ಎಂದಳು ಸಾಫ್ತ.

ಮರುದಿನ ಬಂದಳು. ಹಸುಗಳು ಮನೆಗೆ ಮರಳುವ ತನಕ ಅದರಲ್ಲಿ ಕೂತು ಹರಟಿ, ಬರಿಗೈಯಲ್ಲಿ ಹೋದಳು. ಅದರ ಮರುದಿನವೂ ಅಷ್ಟೇ. ಪ್ಲಮ್ ಮರದ ಎಲೆಯೆಲ್ಲ ಉದುರಿ ಹಿಮ ಬಿದ್ದಮೇಲೆ ಕೊರ್ನೇಲಿಯಾ ಕುರ್ಚಿಯನ್ನು ಒಳಗೆ ಒಲೆಯ ಪಕ್ಕಕ್ಕೆ ತಂದಿಟ್ಟಳು.

"ಇವತ್ತಾದ್ರೂ ತಗೊಂಡು ಹೋಗೇ ಮಾರಾಯ್ತಿ" ಎಂದು ಅಜ್ಜಿ ಹಾಸಿಗೆಯಿಂದ ಗೊಣಗಿದಳು. "ನಾನು ಹೊರಡೋದು ಬೇಡ್ವಾ?"

"ಏನು, ಬಸ್ಸು ತಪ್ಪಿಹೋಗುತ್ತಾ?"

ಟವೆಲ್ಲಿನ ಗಂಟು ಕಟ್ಟಿದ ಹಾಗೆಯೇ ಇತ್ತು. ಸಾಫ್ತ ಅದಕ್ಕೆ ಬೆನ್ನು ಕೊಟ್ಟು, ಮುಂದಕ್ಕೆ ಬಾಗಿ, ಒಲೆಗೆ ಇನ್ನೊಂದು ಕಟ್ಟಿಗೆ ಹಾಕಿದಳು.