ಕಿತ್ತಳೆ ತಿನ್ನದ ಮನೆ

ನಮ್ಮ ಜೆಜು ದ್ವೀಪದಲ್ಲಿ ಕಿತ್ತಳೆಯನ್ನು ಯಾರೂ ದುಡ್ಡು ಕೊಟ್ಟು ಕೊಳ್ಳುವುದಿಲ್ಲ. ಚಳಿಗಾಲದಲ್ಲಿ ಯಾರ ಮನೆಗೆ ಹೋದರೂ ಮಡಿಲು ತುಂಬ ಸುರಿಯುತ್ತಾರೆ. ನಮ್ಮ ಮನೆಗೆ ಮಾತ್ರ ಯಾರೂ ಕೊಡುತ್ತಿರಲಿಲ್ಲ. ಅದಕ್ಕೆ ಕಾರಣ ನಾನು.

ನನಗಾಗ ಒಂಬತ್ತು ವರ್ಷ. ಕೊಯ್ಲಿನ ಹೊತ್ತಿಗೆ ತೋಟಕ್ಕೆ ಕಾಲಿಟ್ಟರೆ ಸಾಕು, ಉಬ್ಬಸ. ಇವಳಿಗೆ ಕಿತ್ತಳೆ ಆಗುವುದಿಲ್ಲ ಎಂದು ಊರೇ ತೀರ್ಪು ಕೊಟ್ಟಿತು. ಅಪ್ಪ ಮನೆ ಸುತ್ತಲಿನ ನಲವತ್ತು ಮರ ಕಡಿದು ಕ್ಯಾರೆಟ್ ಹಾಕಿದರು. ಕಿತ್ತಳೆ ಮರವೇ ಮಕ್ಕಳನ್ನು ಕಾಲೇಜು ಓದಿಸುತ್ತಿದ್ದ ಕಾಲ ಅದು. ಪಕ್ಕದ ಮನೆಯ ಚುನ್‌ಹ್ವಾ ಅತ್ತೆ ಕಲ್ಲುಗೋಡೆಯ ಮೇಲಿಂದ ಇಣುಕಿ, "ಮಗಳು ಸೀನಿದ್ಲು ಅಂತ ಚಿನ್ನಕ್ಕೇ ಕೊಡಲಿ ಹಾಕ್ದೆಯಲ್ಲೋ. ನಾಳೆ ಕೆಮ್ಮಿದ್ರೆ ಮನೆ ಕೆಡವ್ತೀಯಾ?" ಎಂದು ಹಂಗಿಸಿದ್ದಳು.

ಅಪ್ಪ ತಾವೂ ಕಿತ್ತಳೆ ತಿನ್ನುವುದನ್ನು ಬಿಟ್ಟರು. ಚಳಿಗಾಲವಿಡೀ ಬೇರೆಯವರ ತೋಟಕ್ಕೆ ಕೊಯ್ಲಿಗೆ ಹೋಗುತ್ತಿದ್ದರು. ಸಂಜೆ ಬಂದವರೇ ಅಂಗಳದ ನಲ್ಲಿಯ ಕೊರೆಯುವ ನೀರಿನಲ್ಲಿ ಕೈ ಉಜ್ಜಿ ಉಜ್ಜಿ ತೊಳೆದೇ ಒಳಗೆ ಬರುವುದು. ಅಪ್ಪನಿಗೆ ಚೊಕ್ಕಟದ ಹುಚ್ಚು ಎಂದು ನಾನು ನಗುತ್ತಿದ್ದೆ.

ಈಗ ಅಪ್ಪನಿಗೆ ಎಂಬತ್ತೈದು. ನನ್ನಿಂದಾಗಿ ಬಿಟ್ಟ ಹಣ್ಣನ್ನು ಅವರು ಇನ್ನೊಮ್ಮೆ ತಿನ್ನುವುದನ್ನು ನೋಡಬೇಕೆಂಬ ಆಸೆ ನನಗೆ. ಅದಕ್ಕೇ, ನನಗೆ ನಿಜಕ್ಕೂ ಕಿತ್ತಳೆ ಆಗುವುದಿಲ್ಲವೇ ಎಂದು ತಿಳಿಯಲು ರಕ್ತ ಪರೀಕ್ಷೆ ಮಾಡಿಸಿಕೊಂಡೆ.

ಡಾಕ್ಟರ್ ಕಾಗದ ನೋಡಿ, "ಅಕ್ಕಾ, ಹಣ್ಣಿನದೇನೂ ತಪ್ಪಿಲ್ಲ. ಎಲೆ ಮೇಲೆ ಕೆಂಪು ನುಸಿ ಇರುತ್ತಲ್ಲ, ನಿಮಗೆ ಆಗದೇ ಇರೋದು ಅದು," ಎಂದರು. ಅಲ್ಲೇ ಒಂದು ತೊಳೆ ತಿನ್ನಿಸಿ ಒಂದು ಗಂಟೆ ಕೂರಿಸಿಕೊಂಡರು. ಏನೂ ಆಗಲಿಲ್ಲ. ನನಗೆ ಸಂತೋಷಕ್ಕಿಂತ ಸಂಕಟವೇ ಹೆಚ್ಚಾಯಿತು. ಆ ನಲವತ್ತು ಮರದ ಲೆಕ್ಕವನ್ನು ಅಪ್ಪನಿಗೆ ಯಾವ ಬಾಯಲ್ಲಿ ಹೇಳಲಿ?

ಚುನ್‌ಹ್ವಾ ಅತ್ತೆಯ ಮನೆಯಿಂದ ಮಡಿಲು ತುಂಬ ಹಣ್ಣು ತಂದು, ತೊಳೆದು ಅಪ್ಪನ ಮುಂದಿಟ್ಟೆ. ತಡವರಿಸುತ್ತಲೇ ಎಲ್ಲ ಹೇಳಿದೆ.

ಅಪ್ಪ ಒಂದು ಹಣ್ಣನ್ನು ಕೈಗೆತ್ತಿಕೊಂಡರು. "ನುಸಿ ಇರೋದು ಮರದ ಮೇಲೇ ತಾನೆ? ಹಾಗಾದ್ರೆ ಕಡಿದಿದ್ದು ಸರಿಯಾಯ್ತು ಬಿಡು. ತಿನ್ನೋದು ಬಿಟ್ಟಿದ್ದೊಂದೇ ದಂಡ."

ಹಣ್ಣನ್ನು ತಳದಿಂದ ಎರಡು ಹೋಳು ಮಾಡಿ ಒಂದನ್ನು ನನ್ನ ಕೈಗಿತ್ತು ಇನ್ನೊಂದನ್ನು ಬಾಯಿಗಿಟ್ಟುಕೊಂಡರು. ಕಣ್ಣು ಮುಚ್ಚಿ ತಿಂದರು. ತಿಂದವರೇ ಕೋಲು ಊರಿ ಎದ್ದು ಅಂಗಳದ ಕಡೆ ಹೊರಟರು.

"ಎಲ್ಲಿಗಪ್ಪಾ?"

"ಕೈ ತೊಳ್ಕೊಂಡು ಬರ್ತೀನಿ. ಈ ವಾಸನೆ ನಿಂಗೆ ಆಗಲ್ವಲ್ಲ."

ನನಗೆ ಆಗ ಅರ್ಥವಾಯಿತು. ಅಪ್ಪನ ಕೈ ಹಿಡಿದು ಮೂಗಿಗೆ ಒತ್ತಿಕೊಂಡು ಅತ್ತುಬಿಟ್ಟೆ.

"ಹುಚ್ಚಿ, ಸಂಜೆ ಹೊತ್ತು ಅಳ್ತಾರೇನೇ," ಎಂದರು ಅಪ್ಪ. ಅವತ್ತು ಅವರು ಕೈ ತೊಳೆಯದೆಯೇ ಊಟಕ್ಕೆ ಕೂತರು.