ಗಂಟು ಹೊರಟಿತು, ಕಾರು ಮಲಗಿತು

ಮಂಗಳವಾರ ಮಧ್ಯಾಹ್ನ ಸುಶೀಲವ್ವನ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಟಕ ರೊಟ್ಟಿಯ ಡಬ್ಬಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಸಣ್ಣ ಗ್ಯಾಸ್ ಒಲೆ, ಐದು ಹೊದಿಕೆ ಎಲ್ಲವೂ ಹರಡಿಕೊಂಡಿದ್ದವು. ಸಂಕ್ರಾಂತಿ ಮುಗಿದಿತ್ತು. ಹಿರೇಕೆರೂರಿನ ಆ ಮನೆಯವರು ಮೊದಲ ಸಲ ತಮ್ಮದೇ ಕಾರಿನಲ್ಲಿ ರಾಮೇಶ್ವರಕ್ಕೆ ಹೊರಟಿದ್ದರು.

ರಾಮೇಶ್ವರ ಸಮುದ್ರದ ನಡುವಿನ ದ್ವೀಪ. ಉದ್ದನೆಯ ಸೇತುವೆ ದಾಟಿ ಹೋಗಬೇಕು. ಎರಡು ದಿನ ಅಲ್ಲಿಯೇ ಉಳಿದು, ಕಾರಿನಲ್ಲಿ ದ್ವೀಪವನ್ನೆಲ್ಲ ಸುತ್ತಿ, ಧನುಷ್ಕೋಟಿಯ ತುದಿಯವರೆಗೆ ಹೋಗಿ ಬರಬೇಕೆಂದು ಅವರು ಮಾತಾಡಿಕೊಂಡಿದ್ದರು.

ಈ ಆಸೆ ಮೊದಲು ಸುಶೀಲವ್ವನ ಮಗಳು ಜಯಾಳದು. ಜಯಾ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಮನೆಗೆ ಬಂದು ನಕಾಶೆ ಬಿಡಿಸಿ, "ಅವ್ವಾ, ಇಲ್ಲಿ ನೋಡು, ರಸ್ತೇದ ಎರಡೂ ಕಡೆ ಸಮುದ್ರ ಐತಿ. ಒಮ್ಮೆ ಹೋಗೂಣು" ಎನ್ನುತ್ತಿದ್ದಳು. ಎರಡು ವರ್ಷದ ಹಿಂದೆ ಜಡ್ಡು ಅವಳನ್ನು ಒಯ್ದಿತು. ಅಲ್ಲಿಯ ಗುಡಿಯ ಇಪ್ಪತ್ತೆರಡು ತೀರ್ಥದ ಬಾವಿಗಳ ನೀರಿನಲ್ಲಿ ಮಗಳ ಹೆಸರು ಹೇಳಿ ಮೀಯುತ್ತೇನೆಂದು ಸುಶೀಲವ್ವ ದೇವರ ಮುಂದೆ ಹರಕೆ ಹೊತ್ತಿದ್ದಳು.

ಮಠದ ಐನೋರು ಪಂಚಾಂಗ ನೋಡಿ ಬುಧವಾರ ಸಂಜೆ ಆರೂಕಾಲಿಗೆ ಹೊರಡಲು ಹೇಳಿದ್ದರು. ಅದು ತಪ್ಪಿದರೆ ಮುಂದೆ ಹನ್ನೆರಡು ದಿನ ಒಳ್ಳೆಯ ಗಳಿಗೆ ಇರಲಿಲ್ಲ. ಮಗ ಮಹಾಂತೇಶ ಗೋವಿನಜೋಳದ ವ್ಯಾಪಾರಿ. ಸುಗ್ಗಿಯ ದಿನಗಳಾದ್ದರಿಂದ ನಸುಕಿನಲ್ಲೇ ಎದ್ದು ರಾಣೇಬೆನ್ನೂರಿನ ಮಾರುಕಟ್ಟೆಗೆ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದ. ಬುಧವಾರ ಮಾತ್ರ ಆರಕ್ಕೆ ಬಂದು, ಸ್ನಾನ ಮಾಡಿ, ಸ್ಟೇರಿಂಗ್ ಹಿಡಿದು, ಇಡೀ ರಾತ್ರಿ ಓಡಿಸಿ, ಗುರುವಾರ ಮಧ್ಯಾಹ್ನಕ್ಕೆ ದ್ವೀಪ ಮುಟ್ಟಿಸುತ್ತೇನೆಂದು ಹೇಳಿದ್ದ. ದಾರಿ ಒಂಬೈನೂರು ಕಿಲೋಮೀಟರಿಗೂ ಹೆಚ್ಚು.

ಸುಶೀಲವ್ವನ ತಮ್ಮ ಲಕ್ಕಪ್ಪ ಹಾನಗಲ್ಲಿನಿಂದ ಬಂದಿದ್ದ. ಅವನೂ ಜೊತೆಗೆ ಹೊರಟವನು.

"ನೀ ಚಿಂತಿ ಮಾಡಬ್ಯಾಡಕ್ಕ. ನಾ ಮುಂದ ಕುಂತು ಮಾತಾಡಸ್ಕೊಂತ ಬರ್ತೇನಿ. ನನ್ನ ಮಾತು ಕೇಳಿದ್ರ ಯಾರಿಗೆ ನಿದ್ದಿ ಬರ್ತೈತಿ?" ಎಂದ.

"ನಿಮ್ಮ ಮಾತು ಕೇಳಿದ್ರ ನನಗಂತೂ ಈಗ ಬರಾಕತ್ತೈತ್ರಿ ಮಾವ" ಎಂದಳು ಮಹಾಂತೇಶನ ಹೆಂಡತಿ ನೀಲಾ. ಎಂಟು ವರ್ಷದ ಮೊಮ್ಮಗಳು ಕಿಲಕಿಲ ನಕ್ಕಳು.

ಆ ಹೊತ್ತಿಗೆ ಪಕ್ಕದ ಮನೆಯ ಹಾಜರಾಬಿ ಲಿಂಬೆಕಾಯಿ ಉಪ್ಪಿನಕಾಯಿಯ ಬಾಟಲಿ ಹಿಡಿದು ಬಂದಳು. ಹಿಂದೆಯೇ ಅವಳ ಗಂಡ ಬಂದೇಸಾಬ ಬಂದ. ಬಂದೇಸಾಬ ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದವನು. ಅಂದು ಮಾಲು ಬರುವುದು ತಡವಿದ್ದುದರಿಂದ ಮಹಾಂತೇಶನೂ ಮನೆಯಲ್ಲಿದ್ದ.

"ಟಾಯರ್‌ಗೆ ಗಾಳಿ ನೋಡ್ಸೀ ಏನೋ?" ಎಂದು ಬಂದೇಸಾಬ ಕೇಳಿದ.

"ನೋಡ್ಸೇನಿ ಕಾಕಾ. ಆಯಿಲ್, ಬ್ರೇಕು, ದೀಪ, ಎಲ್ಲಾ ನೋಡ್ಸೇನಿ."

"ಡ್ರೈವರ್‌ನ ನೋಡ್ಸೀ ಏನು?"

ಮಹಾಂತೇಶ ನಕ್ಕ. "ನನಗೇನಾಗೈತಿ?"

"ನಿನ್ನೆ ಎಷ್ಟು ತಾಸು ಮಲಗಿದ್ದಿ?"

"ನಾಕು ತಾಸು. ಸೀಜನ್‌ನ್ಯಾಗ ಇಷ್ಟ ರೀ."

"ನಾಳೆ ಹಗಲೆಲ್ಲಾ ಮಾರ್ಕೆಟ್ಟಿನಾಗ ದುಡಿದು, ರಾತ್ರಿ ಎಲ್ಲಾ ಗಾಡಿ ಹೊಡೀತಿ?"

"ಬಂದೇಸಾಬಣ್ಣ, ನೀವು ಬಸ್ಸಿನವರು ಬಹಳ ಅಂಜಿಸ್ತೀರಿ" ಎಂದು ಲಕ್ಕಪ್ಪ ನಡುವೆ ಬಾಯಿ ಹಾಕಿದ. "ಚಹಾ ಐತಿ. ಕಿಡಕಿ ತಗದ್ರ ತಣ್ಣನ ಗಾಳಿ ಐತಿ. ಸವಣೂರ ಎಲಿ ಒಂದು ಕಟ್ಟು ತಂದೇನಿ."

"ಸವಣೂರ ಎಲಿ ಬಾಯಿ ಕೆಂಪು ಮಾಡತೈತಿ ಲಕ್ಕಪ್ಪಾ, ನಿದ್ದಿ ಓಡಸೂದಿಲ್ಲ. ಚಹಾ ಕುಡಿದೇನಿ, ಮುಖಕ್ಕ ನೀರು ಹೊಡಕೊಂಡೇನಿ, ಹಾಡು ಹಚ್ಚೇನಿ. ನಿದ್ದಿಗೆ ನಿದ್ದೀನ ಬೇಕು, ಬ್ಯಾರೆ ಔಷಧ ಇಲ್ಲ."

ನೀಲಾ ಬಟ್ಟೆ ಮಡಿಚುತ್ತಲೇ ಗೊಣಗಿದಳು: "ಇವರಿಗೆ ಈಗೀಗ ನೆನಪ ಇರೂದಿಲ್ರಿ. ನಿನ್ನೆ ರಟ್ಟೀಹಳ್ಳಿ ಟೇಲರ್ ಕಡೆಯಿಂದ ನನ್ನ ಜಂಪರು ತರ್ರಿ ಅಂತ ಮೂರು ಸಲ ಹೇಳಿದ್ದೆ. ಬರೇ ಕೈಲೆ ಬಂದ್ರು. ಅಂಗಡಿ ರಸ್ತಿ ಮ್ಯಾಲೇನ ಐತಿ!"

"ಮರತೆ ಮಾರಾಯ್ತಿ. ಎಷ್ಟು ಸಲ ಹೇಳಲಿ?" ಎಂದ ಮಹಾಂತೇಶ.

ಬಂದೇಸಾಬ ಅವನ ಮುಖವನ್ನೇ ನೋಡಿದ. ಮೆಲ್ಲನೆ ಕೇಳಿದ: "ಜಂಪರು ಮರತ್ಯೋ, ಇಲ್ಲಾ ರಟ್ಟೀಹಳ್ಳೀನ ಕಾಣಲಿಲ್ಲೋ?"

ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತಿದ್ದ ಮಹಾಂತೇಶ ಅದನ್ನು ನಿಲ್ಲಿಸಿದ.

"ಖರೇ ಹೇಳ್ತೇನಿ ಕಾಕಾ" ಎಂದ ಕೊನೆಗೆ. "ರಟ್ಟೀಹಳ್ಳಿ ಯಾವಾಗ ಬಂತು, ಯಾವಾಗ ಹೋತು, ನನಗ ಗೊತ್ತಿಲ್ಲ. ನೋಡೂದ್ರಾಗ ಹಿರೇಕೆರೂರ ದೀಪ ಕಾಣಾಕತ್ತಿದ್ವು."

ರೊಟ್ಟಿ ಎಣಿಸುತ್ತಿದ್ದ ಸುಶೀಲವ್ವನ ಕೈ ನಿಂತಿತು.

"ಅದು ಮರವು ಅಲ್ಲಪಾ, ಅದು ನಿದ್ದಿ" ಎಂದ ಬಂದೇಸಾಬ. "ಕಣ್ಣು ತೆರದ ಇರ್ತಾವು, ತಲಿ ಒಳಗ ದೀಪ ಆರಿರ್ತೈತಿ. ಮೂರು ಸೆಕೆಂಡ್ ಸಾಕು. ಎಂಬತ್ತರ ಸ್ಪೀಡಿನಾಗ ಹೊಂಟಿದ್ರ, ಅಷ್ಟರಾಗ ಆರು ಬಸ್ಸು ಸಾಲಾಗಿ ನಿಂತಷ್ಟು ದೂರ ಗಾಡಿ ತಾನ ಹೋಗಿರ್ತೈತಿ. ನಿನ್ನೆ ಎದುರಿಗೆ ಯಾರೂ ಬರಲಿಲ್ಲ. ದಿನಾ ಹಂಗ ಇರೂದಿಲ್ಲ."

ಲಕ್ಕಪ್ಪ ಎಲೆಯ ಕಟ್ಟನ್ನು ಚೀಲದೊಳಗೆ ತುರುಕಿದ.

"ನಾನೂ ಒಮ್ಮೆ ಕಣ್ಣು ಎಳಿಯಾಕತ್ತಾಗ ಬಸ್ ಬಾಜೂಕ ಹಚ್ಚಿ ಇಪ್ಪತ್ತು ನಿಮಿಷ ಮಲಗಿದ್ದೆ. ಮಂದಿ ಬಾಯಿಗೆ ಬಂದಂಗ ಬೈದ್ರು. ಬೈಸ್ಕೊಂಡು ಎಲ್ಲಾರನ್ನೂ ಮನಿ ಮುಟ್ಟಿಸಿದೆ."

ಸುಶೀಲವ್ವ ಮಗನನ್ನೇ ನೋಡುತ್ತಿದ್ದಳು. ಅವನ ಕಣ್ಣ ಕೆಳಗಿನ ಕಪ್ಪನ್ನು ಅವಳು ಅಂದೇ ಕಂಡಂತಿತ್ತು. ಆದರೂ ಅವಳ ಮನಸ್ಸಿನಲ್ಲಿ ಇನ್ನೊಂದು ಅಂಜಿಕೆ ಇತ್ತು.

"ಬಂದೇಸಾಬಣ್ಣ, ನೀವು ಹೇಳೂದು ಖರೆ. ಆದ್ರ ಗಳಿಗಿ ಹೆಂಗ ಬಿಡ್ಲಿ? ಜಯಾನ ದವಾಖಾನಿಗೆ ಕರಕೊಂಡು ಹೋಗುವಾಗ ಅಮಾಸಿ ಇತ್ತು. ಯಾರೂ ನೋಡಲಿಲ್ಲ, ನಾನೂ ನೋಡಲಿಲ್ಲ. ಹೋದಾಗ ಇಬ್ಬರಿದ್ವಿ. ಬರುವಾಗ..."

ಯಾರೂ ಅವಳಿಗೆ ಬುದ್ಧಿ ಹೇಳಲು ಹೋಗಲಿಲ್ಲ. ಹಾಜರಾಬಿ ಬಾಟಲಿ ಕೆಳಗಿಟ್ಟು ಅವಳ ಪಕ್ಕದಲ್ಲಿ ಕುಳಿತಳು.

"ಸುಶೀಲಕ್ಕ, ನಿಮ್ಮತ್ತಿ ಶ್ರೀಶೈಲಕ್ಕ ಹೋಗುವಾಗ ಏನು ಮಾಡ್ತಿದ್ರು, ನೆನಪೈತಿ? ಗಳಿಗಿ ಸಂಜೀಕ ಇರ್ತಿತ್ತು, ಬಸ್ ಮುಂಜಾನೆ ಇರ್ತಿತ್ತು. ಒಂದು ಗಂಟು ತಂದು ನಮ್ಮತ್ತಿ ಕೈಯಾಗ ಕೊಟ್ಟು, ಇಟಗೋಬೇ, ನಾ ಹೊಂಟೆ ಅಂತಿದ್ರು. ಹೊಂಟೆ ಅಂದು ತಮ್ಮ ಮನಿಗೆ ಬಂದು ಉಂಡು ಮಲಗ್ತಿದ್ರು!"

ಸುಶೀಲವ್ವ ತಲೆಯೆತ್ತಿದಳು. "ಪ್ರಸ್ಥಾನ!" ಎಂದಳು.

ಹಿರಿಯರು ಮಾಡುತ್ತಿದ್ದ ಪದ್ಧತಿ ಅದು. ಒಳ್ಳೆಯ ಗಳಿಗೆಯಲ್ಲಿ ಹೊರಡಲು ಆಗದಿದ್ದರೆ ಅಕ್ಕಿ, ಅರಿಶಿನಕೊಂಬು, ಅಡಿಕೆ ಕಟ್ಟಿದ ಗಂಟನ್ನು ನೆರೆಮನೆಯಲ್ಲಿಟ್ಟು ಬರುವುದು. ಗಂಟು ಹೊರಟರೆ ಯಾತ್ರೆ ಹೊರಟಂತೆಯೇ. ಆಮೇಲೆ ಅನುಕೂಲ ನೋಡಿ ಗಂಟು ತೆಗೆದುಕೊಂಡು ಹೋಗುವುದು. ಬಸ್ಸು ಮನೆಬಾಗಿಲಿಗೆ ಬಂದ ಮೇಲೆ, ಕಾರು ಅಂಗಳಕ್ಕೆ ಬಂದ ಮೇಲೆ ಅದನ್ನು ಎಲ್ಲರೂ ಮರೆತಿದ್ದರು.

ಮಹಾಂತೇಶ ಕೂಡಲೇ ಐನೋರಿಗೆ ಫೋನ್ ಹಚ್ಚಿ ಅವ್ವನ ಕೈಗೆ ಕೊಟ್ಟ. ಐನೋರು ಆ ಕಡೆಯಿಂದ ನಕ್ಕರು. "ಯವ್ವಾ, ಹಿರಿಯರು ಇದನ್ನ ಯಾಕ ಮಾಡಿಟ್ರು? ಮನಿಷ್ಯಾಗ ಅಡಚಣಿ ಇರ್ತೈತಿ ಅಂತ. ಗಂಟು ಇಡ್ರಿ, ಮಗನ್ನ ಮಲಗಸ್ರಿ, ಬೆಳಕು ಹರದ ಮ್ಯಾಲೆ ಹೋಗ್ರಿ" ಎಂದರು.

ಸುಶೀಲವ್ವ ಫೋನ್ ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಆತು. ಗುರುವಾರ ಮುಂಜಾನೆ" ಎಂದಳು.

ಬಂದೇಸಾಬ ಹಳೆಯ ಕ್ಯಾಲೆಂಡರಿನ ಹಿಂಭಾಗದಲ್ಲಿ ದಾರಿ ಬರೆದುಕೊಟ್ಟ. ಮೊದಲ ದಿನ ಹೊಸೂರಿನವರೆಗೆ. ಎರಡನೆಯ ದಿನ ಮಧುರೆ. ಮೂರನೆಯ ದಿನ ಮುಂಜಾನೆ ಸೇತುವೆ. ಕತ್ತಲಾಗುವುದರೊಳಗೆ ವಸತಿ ಸೇರಬೇಕು. ಎರಡು ತಾಸಿಗೊಮ್ಮೆ ಇಳಿದು ಕಾಲಾಡಬೇಕು. ಆಕಳಿಕೆ ಮೇಲೆ ಆಕಳಿಕೆ ಬಂದರೆ ಪೆಟ್ರೋಲ್ ಬಂಕೋ, ಹೋಟೆಲೋ ನೋಡಿ ನಿಲ್ಲಿಸಿ ಕಣ್ಣು ಮುಚ್ಚಬೇಕು.

"ಮತ್ತ ಹಿಂದ ಕುಂತವರೂ ಬೆಲ್ಟ್ ಹಾಕ್ಕೋರಿ. ನಮ್ಮ ಕಡೆ ಚಳಿಗಾಲ ಅಂದ್ರ ಮಳಿ ಇಲ್ಲ ಅಂತ ತಿಳೀಬ್ಯಾಡ್ರಿ. ಆ ಕಡೆ ಮಳಿಗಾಲನ ಚಳಿಗಾಲದಾಗ ಇರ್ತೈತಿ. ಸಂಕ್ರಾಂತಿ ಹೊತ್ತಿಗೆ ಕಡಿಮಿ ಆಗಿರ್ತೈತಿ, ಆದ್ರೂ ದಿನಾ ಹವಾಮಾನ ನೋಡ್ರಿ. ಗಾಳಿ ಜೋರಿದ್ರ ಧನುಷ್ಕೋಟಿಗೆ ಹೋಗಬ್ಯಾಡ್ರಿ" ಎಂದ. ಆಮೇಲೆ ನೀಲಾಳ ಕಡೆ ತಿರುಗಿದ. "ನಿನಗೂ ಲೈಸನ್ಸ್ ಐತಲ್ಲವಾ? ಅದನ್ನ ಟ್ರಂಕಿನಾಗ ಇಟ್ಟು ಪೂಜಿ ಮಾಡ್ತಿ ಏನು?"

"ಆಕಿ ಗಾಡಿ ಹೊಡದ್ರ ನಾ ಬಸ್ಸಿಗೆ ಬರ್ತೇನಿ" ಎಂದ ಲಕ್ಕಪ್ಪ.

"ಬರ್ರಿ ಮಾವ. ರೊಟ್ಟಿ ಡಬ್ಬಿ ಮಾತ್ರ ಕಾರಿನಾಗ ಇರ್ತೈತಿ" ಎಂದಳು ನೀಲಾ. ಲಕ್ಕಪ್ಪ ಬಸ್ಸಿನ ಮಾತು ಮತ್ತೆ ಎತ್ತಲಿಲ್ಲ.

ಬುಧವಾರ ಸಂಜೆ ಆರೂಕಾಲಿಗೆ ಸುಶೀಲವ್ವ ದೇವರ ಮುಂದೆ ದೀಪ ಹಚ್ಚಿ, ಬಿಳಿ ಬಟ್ಟೆಯ ಗಂಟು ಹಿಡಿದು ಹಾಜರಾಬಿಯ ಮನೆಗೆ ನಡೆದಳು. ಹಾಜರಾಬಿ ತಲೆಯ ಮೇಲೆ ಸೆರಗು ಹೊದ್ದು ಎರಡೂ ಕೈಯಿಂದ ಅದನ್ನು ತೆಗೆದುಕೊಂಡು ಗೋಡೆಯ ಗೂಡಿನಲ್ಲಿಟ್ಟಳು. ಮಹಾಂತೇಶ ಊಟ ಮಾಡಿ ಎಂಟಕ್ಕೆ ಮಲಗಿದ. ಅಷ್ಟು ಗಾಢವಾಗಿ ಅವನು ಮಲಗಿದ್ದನ್ನು ಸುಶೀಲವ್ವ ಆ ಸುಗ್ಗಿಯಲ್ಲಿ ನೋಡಿರಲಿಲ್ಲ. ಗುರುವಾರ ಬಿಸಿಲು ಅಂಗಳಕ್ಕೆ ಬಿದ್ದ ಮೇಲೆ ಗಂಟು ತೆಗೆದುಕೊಂಡು ಹೊರಟರು.

ಶನಿವಾರ ಮುಂಜಾನೆ ಕಾರು ಸೇತುವೆ ದಾಟಿತು. ಆ ದಿನವೇ ಸುಶೀಲವ್ವ ಇಪ್ಪತ್ತೆರಡು ತೀರ್ಥಗಳಲ್ಲಿಯೂ ಜಯಾಳ ಹೆಸರು ಹೇಳಿ ಮಿಂದಳು. ಒಂದೊಂದು ಕೊಡ ನೀರು ತಲೆಯ ಮೇಲೆ ಬಿದ್ದಾಗಲೂ ಎದೆಯ ಭಾರ ಇಷ್ಟಿಷ್ಟು ಇಳಿದಂತಾಯಿತು. ಮರುದಿನ ಗಾಳಿ ಶಾಂತವಾಗಿತ್ತು. ಧನುಷ್ಕೋಟಿಯ ದಾರಿಯಲ್ಲಿ ನೀಲಾ ಗಾಡಿ ಓಡಿಸಿದಳು, ಮಹಾಂತೇಶ ಅವ್ವನ ಪಕ್ಕ ಹಿಂದೆ ಕುಳಿತ. ಒಂದು ಕಡೆ ನೀಲಿ ನೀರು, ಇನ್ನೊಂದು ಕಡೆ ಹಸಿರು ನೀರು. ಮೂವತ್ತೆಂಟು ವರ್ಷದ ಮಗ ಕಿಟಕಿಗೆ ಮುಖ ಹಚ್ಚಿ, "ಅವ್ವಾ, ಈ ಕಡೆ ನೋಡು! ಅವ್ವಾ, ಆ ಕಡೆ ನೋಡು!" ಎಂದು ಕೂಗುತ್ತಿದ್ದ. ಸುಶೀಲವ್ವ ಸಮುದ್ರಕ್ಕಿಂತ ಹೆಚ್ಚಾಗಿ ಅವನನ್ನೇ ನೋಡಿದಳು.

ಓದುವ ಅಕ್ಕಂದಿರೇ, ಅಣ್ಣಂದಿರೇ, ನೀವೂ ಹೋಗಿ ಬನ್ನಿ. ಚಳಿಗಾಲದ ರಜೆಯಲ್ಲಿ ಮಕ್ಕಳಿಗೆ ಸಮುದ್ರ ತೋರಿಸಿ, ದೇವರ ದರ್ಶನ ಮಾಡಿಸಿ. ಆದರೆ ಒಂದು ದಿನ ಉಳಿಸಲು ಹೋಗಿ ಒಬ್ಬನೇ ರಾತ್ರಿಯಿಡೀ ಗಾಡಿ ಓಡಿಸುವಂತೆ ಮಾಡಬೇಡಿ. ಗಳಿಗೆ ನೋಡುವವರಾದರೆ ಗಂಟನ್ನು ಮೊದಲು ಕಳಿಸಿ, ನೀವು ಬೆಳಗಾದ ಮೇಲೆ ಹೊರಡಿ. ಟಾಯರು, ಬ್ರೇಕು ನೋಡಿದ ಮೇಲೆ ಸ್ಟೇರಿಂಗ್ ಹಿಡಿಯುವವನ ಮುಂದೆ ನಿಂತು, ಅವನ ಕಣ್ಣು ನೋಡಿ, "ನಿನ್ನೆ ಎಷ್ಟು ತಾಸು ಮಲಗಿದ್ದಿ?" ಎಂದು ಕೇಳಿರಿ. ಏಳು ತಾಸು ಎಂದು ಅವನು ಹೇಳಿದ ಮೇಲೆಯೇ ಕೀಲಿ ಅವನ ಕೈಗೆ ಕೊಡಿರಿ.