ಒಪ್ಪೋಲೆ

"ನಾನು ಬಂದೆ. ಬಾಗಿಲಿನ ಎಡಕ್ಕೆ, ಎರಡನೇ ಕುರ್ಚಿ."

ಅಂದೇ ಹೊಸದಾಗಿ ಬಂದ ಹೆಂಗಸಿನ ಧ್ವನಿ ಕಿವಿಗೆ ಬಿದ್ದದ್ದೇ ತಡ, ಕರಡಿಯವರ ಕೈಯಲ್ಲಿದ್ದ ಚಹಾದ ಲೋಟ ವಾಲಿ ಬೆರಳು ಸುಟ್ಟಿತು. ಹಿಂದೊಮ್ಮೆ ಅಚ್ಚುಕೂಟದ ಮೇಜಿನಾಚೆ ಕುಳಿತು, "ಒಂದಕ್ಷರವೂ ತಪ್ಪಬಾರದು ನೋಡಿ" ಎಂದು ಹೇಳಿಹೋದ ಧ್ವನಿ ಅದು.

ಗ್ರಂಥಾಲಯದ ಹಿಂಬದಿಯ ಆ ಕೋಣೆಯಲ್ಲಿ ಪ್ರತಿ ಬುಧವಾರ, ವಯಸ್ಸಾದ ಮೇಲೆ ದೃಷ್ಟಿ ಕಳೆದುಕೊಂಡ ಏಳೆಂಟು ಜನ ಸೇರುತ್ತಿದ್ದರು. ಒಳಬಂದವರು ಬಂದೆನೆಂದೂ ಎಲ್ಲಿ ಕುಳಿತೆನೆಂದೂ ಹೇಳಬೇಕು, ಹೊರಡುವವರು ಹೊರಟೆನೆನ್ನಬೇಕು. ಅದೊಂದೇ ಅಲ್ಲಿನ ಕಟ್ಟಳೆ. ಕೋಲು ಹಿಡಿದು ಅಂಗಳವನ್ನು ಹತ್ತು ಸುತ್ತು ನಡೆಯುತ್ತಿದ್ದರು, ಲಕೋಟೆ ಮಡಿಸುತ್ತಿದ್ದರು, ಕೊನೆಗೆ ಗ್ರಂಥಪಾಲಕಿ ಏನನ್ನಾದರೂ ಓದಿ ಹೇಳುತ್ತಿದ್ದಳು. ಹೆಂಡತಿಯ ಕಾಟಕ್ಕೆ ಮಣಿದು ಮೊದಲ ಸಲ ಬಂದ ದಿನ ಕರಡಿಯವರು ಕೇಳಿದ್ದಕ್ಕೆಲ್ಲ ಸುಮ್ಮನೆ ತಲೆಯಾಡಿಸಿದ್ದರು. "ಹೊಸಬ್ರಿಗೆ ಭಾರಿ ಜಂಬ ಕಣ್ರೀ, ಬಾಯೇ ಬಿಡಲ್ಲ" ಎಂದು ನಿವೃತ್ತ ಬಸ್ಸು ಚಾಲಕ ಡ್ರೈವರಣ್ಣ ಪಕ್ಕದವರಿಗೆ ಹೇಳಿದಾಗಲೇ ತಮ್ಮ ತಪ್ಪು ಅವರಿಗೆ ಹೊಳೆದದ್ದು. ಅದಾಗಿ ನಾಲ್ಕು ತಿಂಗಳು. ಈಗ ವಾರದಲ್ಲಿ ಅವರು ಎಣಿಸುವ ದಿನ ಬುಧವಾರವೊಂದೇ.

ಕರಡಿ ಎಂಬುದು ಅಚ್ಚುಕೂಟದವರು ಇಟ್ಟ ಅಡ್ಡಹೆಸರು. ನಲವತ್ತೊಂದು ವರ್ಷ ಕರಡು ತಿದ್ದಿದವರಿಗೆ ಇನ್ನೇನು ಹೆಸರಿಟ್ಟಾರು? ಮಹಾಪ್ರಾಣ ಬಿಟ್ಟುಹೋದರೆ ಗುರುಗುಟ್ಟುತ್ತಲೂ ಇದ್ದರು. ಆಮೇಲೆ ನೋಟದ ನಟ್ಟನಡುವೆ ಬೂದುಬಣ್ಣದ ಕಲೆಯೊಂದು ಬಂದು ಕುಳಿತಿತು. ಪುಟದ ಅಂಚುಗಳು ಕಾಣುತ್ತಿದ್ದವು. ಯಾವ ಪದವನ್ನು ನೋಡಹೊರಟರೋ ಆ ಪದವೇ ಇರುತ್ತಿರಲಿಲ್ಲ. ಅವರು ಯಾರಿಗೂ ಹೇಳಲಿಲ್ಲ. ಹಿಂದಿನ ಪದ, ಮುಂದಿನ ಪದ ಹಿಡಿದು ನಡುವಿನದನ್ನು ಊಹಿಸಿದರು. ಅಷ್ಟು ಭಾಷೆ ಬಲ್ಲವರಿಗೆ ಊಹೆ ಸುಲಭ. ಇದ್ದದ್ದನ್ನು ಬಿಟ್ಟು ಇರಬೇಕಾದದ್ದನ್ನು ಓದಿದರು. ಹಾಗೆ ಓದಿ, "ಅಚ್ಚಿಗೆ ಹೋಗಲಿ" ಎಂದು ರುಜು ಹಾಕಿದ ಕೊನೆಯ ಪುಸ್ತಕ, ಈಗ ಎರಡನೇ ಕುರ್ಚಿಯಲ್ಲಿ ಬಂದು ಕುಳಿತ ಈ ಟೀಚರಮ್ಮನದು.

"ಶಾಲೇಲಿ ಮಕ್ಕಳಿಗೆ ಹೇಳ್ತಿದ್ದ ಕತೆಗಳು," ಎಂದು ಆಕೆ ಎಲ್ಲರಿಗೂ ಹೇಳುತ್ತಿದ್ದರು. "ನಾನು ಹೇಳ್ದೆ, ಸೊಸೆ ಬರ್ಕೊಂಡ್ಲು. ನಲವತ್ತು ಜನಕ್ಕೆ ಹಂಚ್ದೆ. ಒಬ್ರಾದ್ರೂ ಚೆನ್ನಾಗಿದೆ, ಚೆನ್ನಾಗಿಲ್ಲ, ಏನೂ ಅನ್ನಲ್ಲ! ಒಡಹುಟ್ಟಿದ ತಂಗಿ, ಅವಳೂ ಮಾತು ಮರೆಸ್ತಾಳೆ."

"ಪುಕ್ಕಟೆ ಪುಸ್ತಕ ಯಾರು ಓದ್ತಾರೆ ಬಿಡಿ ಟೀಚರಮ್ಮ," ಎಂದ ಡ್ರೈವರಣ್ಣ.

"ಮೊದಲನೇ ಪುಟನಾದ್ರೂ ತಿರುವಲ್ವಾ? ಅದು ನಮ್ಮೆಜಮಾನ್ರದು. ಊರೂರು ತಿರುಗೋ ಕೆಲಸ ಅವರದು. ಕಾಗದ ಬರೆದ್ರೆ ಕೆಳಗೆ ಹೆಸರೇ ಹಾಕ್ತಿರ್ಲಿಲ್ಲ, 'ಪ್ರೀತಾತ್ಮ' ಅಂತ ಬರೀತಿದ್ರು. ಎಲ್ಲಿಂದ ಹುಡುಕಿದ್ರೋ ಆ ಪದಾನ! ಅವರು ಹೋದ್ಮೇಲೆ ಪುಸ್ತಕ ಆ ಹೆಸರಿಗೇ ಅರ್ಪಿಸ್ದೆ. ಅದನ್ನ ಓದು ಅಂದ್ರೆ ಸೊಸೆ, 'ನೀವು ಹೇಳಿದ್ದೇ ಇದೆ ಅತ್ತೆ' ಅಂದು ಎದ್ದು ಹೋಗ್ತಾಳೆ. ಮುಂದಿನ ವಾರ ತರ್ತೀನಿ. ಓದ್ತೀಯೇನಮ್ಮ?"

"ಖಂಡಿತ ಓದ್ತೀನಿ," ಎಂದಳು ಗ್ರಂಥಪಾಲಕಿ.

ಅಕ್ಷರ ಜೋಡಿಸಿದವನಿಗೆ ಪ್ರೀತಾತ್ಮ ಎಂಬ ಪದ ಗೊತ್ತಿರಲಿಲ್ಲ; ಪ್ರೇತಾತ್ಮ ಗೊತ್ತಿತ್ತು. ಹೊಲಿಗೆಯಾಗಿ ರಟ್ಟು ಕಟ್ಟಿದ ಮೇಲೆ ಮಾಲೀಕರು ತಪ್ಪನ್ನು ಕಂಡು, "ಆಯಮ್ಮನಿಗೂ ಕಣ್ಣು ಕಾಣಲ್ಲ, ಸುಮ್ನಿರಿ" ಎಂದಿದ್ದರು. ಕರಡಿಯವರು ಸುಮ್ಮನಿದ್ದರು. ಅಂದು ಸಂಜೆಯೇ ಅಚ್ಚುಕೂಟ ಬಿಟ್ಟರು.

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿಕೊಂಡರು.

"ಹೇಳ್ಬಿಡಿ ಆಕೆಗೆ," ಎಂದಳು ಅವಳು.

"ಹೇಳಿದ್ರೆ ಆ ಕೋಣೆಗೆ ನಾನು ಮತ್ತೆ ಕಾಲಿಡೋ ಹಾಗಿಲ್ಲ ಕಣೇ."

"ಹೇಳದೆ ಇಡ್ತೀರಾ?"

ಮುಂದಿನ ಬುಧವಾರ ಅಂಗಳದಲ್ಲಿ ನಡೆಯುವಾಗಲೇ ಆಕೆ ಒಬ್ಬರೇ ಸಿಕ್ಕಿದರೆ ಹೇಳಿಬಿಡಬೇಕೆಂದು ಅವರು ಮಾತು ಜೋಡಿಸಿಕೊಂಡಿದ್ದರು. ಟೀಚರಮ್ಮ ತಡವಾಗಿ ಬಂದರು. ಕೂರುವಷ್ಟರಲ್ಲಿ ಪುಸ್ತಕ ಗ್ರಂಥಪಾಲಕಿಯ ಕೈಗೆ ಹೋಗಿತ್ತು.

"ನನ್ನೊಡನೆ ಮೂವತ್ತೆಂಟು ವರ್ಷ ಬಾಳಿ, ನನ್ನ ಕತೆಗಳನ್ನು ಮೊದಲು ಕೇಳಿದ..." ಎಂದು ಓದುತ್ತ ಬಂದವಳು ತಟ್ಟನೆ ನಿಂತಳು.

"ಯಾಕಮ್ಮ, ಅಕ್ಷರ ಸಣ್ಣದಾಯ್ತಾ?"

"ಅವಳದೇನೂ ತಪ್ಪಿಲ್ಲ," ಎಂದರು ಕರಡಿಯವರು. "ಅಲ್ಲಿ ತಪ್ಪು ಅಚ್ಚಾಗಿದೆ ಟೀಚರಮ್ಮ. ನಿಮ್ಮ ಪುಸ್ತಕದ ಕರಡು ತಿದ್ದಿದವನು ನಾನೇ."

"ಏನಂತ ಇದೆ?"

ಕರಡಿಯವರು ಮೇಜಿನ ಅಂಚು ಹಿಡಿದುಕೊಂಡರು.

"ಬಿಡಿಸಿ ಹೇಳಿ," ಎಂದರು ಆಕೆ, ತರಗತಿಯಲ್ಲಿ ನಿಂತವರಂತೆ.

"ಪಕಾರ. ಕೆಳಗೆ ರಕಾರದ ಒತ್ತು. ಮೇಲೆ... ಏತ್ವ. ಪಕ್ಕದಲ್ಲಿ ದೀರ್ಘ."

"ಗುಡಿಸು ಇರಬೇಕಾದಲ್ಲಿ?"

"ಹೌದು. ಗುಡಿಸು ಇರಬೇಕಾದಲ್ಲಿ. ದೀರ್ಘ ಸರಿಯಾಗಿದೆ."

ಟೀಚರಮ್ಮ ತುಟಿಯೊಳಗೇ ಕೂಡಿಸಿ ಓದಿಕೊಂಡರು. ಆ ಪದ ಅವರ ಬಾಯಿಂದ ಹೊರಗೆ ಬರಲಿಲ್ಲ.

"ಅದಕ್ಕೇ ತಂಗಿ..." ಎಂದರು. "ನಿಮಗೆ ಯಾವಾಗಿಂದ ಗೊತ್ತು?"

"ನಿಮ್ಮ ಕೈಗೆ ಪುಸ್ತಕ ಬರೋ ಮುಂಚಿಂದ. ಕಣ್ಣು ಹೋಗಿದೆ ಅಂತ ಒಪ್ಕೊಳ್ಳೋಕೆ ಹೆದರಿಕೆ ಆಯ್ತು. ಕರಡು ತಿದ್ದೋದು ಬಿಟ್ರೆ ಬೇರೇನೂ ಬರ್ತಿರ್ಲಿಲ್ಲ ನನಗೆ."

ಸಮಾಧಾನ ಮಾಡಲೆಂದು ಡ್ರೈವರಣ್ಣ ಶುರುಮಾಡಿದ: "ಆಗೋದು ಆಯ್ತು ಟೀಚರಮ್ಮ. ನಾನೂ ಕೊನೇ ವರ್ಷ ರಸ್ತೆ ಉಬ್ಬು ಕಾಣ್ದೆ ಎಷ್ಟು ಜನರ ಸೊಂಟ ಮುರಿದಿದ್ದೀನೋ. ಪಾಪ, ಇವರು ಬೇಕು ಅಂತ ಮಾಡಿದ್ದಲ್ಲ. ನೀವು ದೊಡ್ಡೋರು, ಒಂದು ಮಾತು ಅಂದುಬಿಡಿ, ಬೈದಾದ್ರೂ ಬಿಡಿ. ಏನಂತೀರಿ?... ಟೀಚರಮ್ಮ?"

"ಅವರು ಆಗ್ಲೇ ಎದ್ದು ಹೋದ್ರು ಅಣ್ಣ," ಎಂದಳು ಗ್ರಂಥಪಾಲಕಿ.

ಹೊರಟೆನೆಂದು ಹೇಳದೆ ಆ ಕೋಣೆಯಿಂದ ಯಾರೂ ಹೋದದ್ದಿರಲಿಲ್ಲ.

ಮರುದಿನವೇ ಕರಡಿಯವರು ಅಚ್ಚುಕೂಟಕ್ಕೆ ಫೋನು ಮಾಡಿದರು. ಪುಸ್ತಕದ ತಪ್ಪನ್ನು ಒಪ್ಪಿಕೊಂಡು ಸರಿಯಾದದ್ದನ್ನು ತೋರಿಸುವ ಚೀಟಿಗೆ ಅಲ್ಲಿ ಒಪ್ಪೋಲೆ ಎನ್ನುತ್ತಿದ್ದರು. ಅರ್ಪಣೆಯ ಆ ಒಂದು ಸಾಲನ್ನು ಮತ್ತೆ ಅಚ್ಚುಹಾಕಿಸಿದರು. ಮಾಲೀಕರಿಂದ ಅಕ್ಷರ ಅಕ್ಷರವಾಗಿ, ಒತ್ತು ಗುಣಿತ ಸಹಿತ, ಮೂರು ಸಲ ಓದಿಸಿ ಕೇಳಿದರು. "ಸಾಕು ಸ್ವಾಮಿ, ಒಂದು ಸಾಲಿಗೆ ಅರ್ಧ ಗಂಟೆ!" ಎಂದು ಮಾಲೀಕರು ರೇಗಿದರೆ, "ನಾಲ್ಕನೇ ಸಲ ಓದಿ" ಎಂದರು. ಚೀಟಿಗಳ ಕಟ್ಟನ್ನು ಹೆಂಡತಿಯ ಕೈಯಲ್ಲಿ ಟೀಚರಮ್ಮನ ಮನೆಗೆ ಕಳಿಸಿದರು. ಸೊಸೆ ತೆಗೆದುಕೊಂಡಳಂತೆ; ಒಳಗಿನಿಂದ ಯಾರೂ ಮಾತಾಡಲಿಲ್ಲವಂತೆ.

ಎರಡು ಬುಧವಾರ ಎಡಗಡೆಯ ಎರಡನೆಯ ಕುರ್ಚಿ ಖಾಲಿಯಿತ್ತು. ತಾವು ಬರುವುದನ್ನು ನಿಲ್ಲಿಸಿದರೆ ಆಕೆ ಬಂದಾರೆಂದು ಯೋಚಿಸಿ, ಮೂರನೆಯ ಬುಧವಾರ ಎಲ್ಲರಿಗೂ ಹೇಳಿ ಹೋಗಲೆಂದೇ ಕರಡಿಯವರು ಬಂದರು. ಅವರು ಬಾಯಿ ತೆರೆಯುವ ಮೊದಲು ಆಟೋ ಚಾಲಕ ಎರಡು ಭಾರದ ಪೆಟ್ಟಿಗೆಗಳನ್ನು ತಂದು ಮೇಜಿನ ಮೇಲೆ ಇಳಿಸಿದ.

"ನಾನು ಬಂದೆ," ಎಂದರು ಟೀಚರಮ್ಮ. ಎಲ್ಲಿ ಕುಳಿತೆನೆಂದು ಹೇಳಲಿಲ್ಲ. "ನೂರಾ ಅರವತ್ತು ಪುಸ್ತಕ ಇವೆ. ಅಂಟಿಸೋಕೆ ಸೊಸೆಗೆ ಬಿಡುವಿಲ್ಲ."

ಗ್ರಂಥಪಾಲಕಿ ಒಂದು ತುಂಡು ರಟ್ಟಿನಲ್ಲಿ ಚೀಟಿಯಷ್ಟಗಲದ ಕಿಂಡಿ ಕೊರೆದಳು. ರಟ್ಟನ್ನು ಪುಟದ ಮೂಲೆಗೆ ಸರಿಯಾಗಿ ಇಟ್ಟರೆ ಆ ಸಾಲಷ್ಟೇ ಕಿಂಡಿಯಲ್ಲಿ ಉಳಿಯುತ್ತಿತ್ತು. ಚೀಟಿಯ ತಲೆ ಯಾವುದೆಂದು ಬೆರಳಿಗೆ ತಿಳಿಯಲು ಬಲಮೂಲೆ ಕತ್ತರಿಸಿದಳು. ಒಬ್ಬರು ಪುಟ ತೆರೆದರು, ಒಬ್ಬರು ಅಂಟು ಸವರಿದರು; ಚೀಟಿ ಕೂರಿಸುವುದು ಕರಡಿಯವರ ಪಾಲಿಗೆ ಬಂತು. ಅದನ್ನು ಒತ್ತಿಹಿಡಿಯುವ ಕೆಲಸ ಟೀಚರಮ್ಮನದು. ಪುಸ್ತಕ ಕೈಯಿಂದ ಕೈಗೆ ಹೋಗುವಾಗ ಅವರಿಬ್ಬರ ಬೆರಳು ತಗಲಿದರೆ ಆಕೆ ಮೆಲ್ಲನೆ ಹಿಂದಕ್ಕೆಳೆದುಕೊಳ್ಳುತ್ತಿದ್ದರು.

"ಹಂಚಿರೋ ನಲವತ್ತಕ್ಕೆ ಏನ್ಮಾಡ್ತೀರಿ?" ಎಂದ ಡ್ರೈವರಣ್ಣ.

"ಏನ್ಮಾಡ್ಲಿ? ಮನೆಮನೆಗೆ ಹೋಗಿ, ನಮ್ಮೆಜಮಾನ್ರು ದೆವ್ವ ಅಲ್ಲ ಅನ್ಲಾ?"

ಯಾರೂ ನಗಲಿಲ್ಲ.

ಕೊನೆಯ ಪುಸ್ತಕವನ್ನು ಕರಡಿಯವರು ಎದುರಿಗೆ ಸರಿಸಿದರು. ಟೀಚರಮ್ಮ ಚೀಟಿಯ ಅಂಚನ್ನು ತುದಿಯಿಂದ ತುದಿಗೆ ಬೆರಳಿನಿಂದ ಸವರಿ, ಅಂಗೈಯನ್ನು ಅದರ ಮೇಲೆ ಊರಿದರು. ಮಿಕ್ಕವರು ಕೈ ಒರೆಸಿಕೊಂಡರು, ಕೋಲು ಹುಡುಕಿಕೊಂಡರು, ಹೊರಟೆ ಹೊರಟೆ ಎನ್ನುತ್ತ ಒಬ್ಬೊಬ್ಬರಾಗಿ ಮೆಟ್ಟಿಲಿಳಿದರು. ಅಂಟು ಎಂದೋ ಆರಿರಬೇಕು. ಕರಡಿಯವರು ಪುಸ್ತಕ ಮುಚ್ಚುವ ಸದ್ದಿಗೆ ಕಿವಿಗೊಟ್ಟು ಕುಳಿತೇ ಇದ್ದರು. ಮೇಜಿನಾಚೆ ಆಕೆಯ ಅಂಗೈ ಹಾಗೆಯೇ ಇತ್ತು.